ಕಿರಿಯರಾಗಿ ನಿಲ್ಲುವುದು



ಈ ಉಪನ್ಯಾಸದ ಹಿಂದಿರುವ ದತ್ತಿ ಎಂಬ ಏರ್ಪಾಡಿನ ಮೇಲೆ ನನಗೆ ಬಹಳ ಗೌರವವಿದೆ. ಇಟ್ಟವರು ಮೂಲಧನವನ್ನು ಮರಳಿ ಮುಟ್ಟುವಂತಿಲ್ಲ, ನಡೆಸುವವರೂ ಮುಟ್ಟುವಂತಿಲ್ಲ. ಬಂದ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ಜನ ಕೂಡಿ ಮಾತಾಡಬೇಕು, ಅಷ್ಟೇ. ಯಾರು ಮಾತಾಡುತ್ತಾರೆ, ಏನು ಮಾತಾಡುತ್ತಾರೆ, ಯಾರು ಕೂತು ಕೇಳುತ್ತಾರೆ ಎಂಬುದು ಇಟ್ಟವರ ಕೈಯಲ್ಲಿಲ್ಲ. ಇನ್ನು ಐವತ್ತು ವರ್ಷದ ಮೇಲೆ ಈ ವೇದಿಕೆಯಲ್ಲಿ ನಿಲ್ಲುವವರು ಇನ್ನೂ ಹುಟ್ಟಿಲ್ಲದೆ ಇರಬಹುದು. ತಾನಿಲ್ಲದ ಕಾಲವೊಂದು ಬರುತ್ತದೆ, ಆಗಲೂ ಊರು ಇರುತ್ತದೆ, ಜನ ಇರುತ್ತಾರೆ ಎಂದು ಮನಸಾರೆ ಒಪ್ಪಿಕೊಂಡವರು ಮಾತ್ರ ದತ್ತಿ ಇಡಬಲ್ಲರು. ಇವತ್ತಿನ ನನ್ನ ವಿಷಯ ಆ ಒಪ್ಪಿಗೆಯೇ. ತಾನು ಚಿಕ್ಕವನು, ಚಿಕ್ಕವಳು ಎಂದು ಒಪ್ಪಿಕೊಂಡ ಮನಸ್ಸಿಗೆ ಒಂದು ನೆಲೆ ಸಿಗುತ್ತದೆ, ಅಲ್ಲಿಂದ ಒಂದು ಬಲ ಹುಟ್ಟುತ್ತದೆ. ಅದು ಎಂಥ ಬಲ ಎಂಬುದನ್ನು ಈ ಬೆಳಗಾವಿ ಜಿಲ್ಲೆಯ ನೆಲದ ಮೇಲೆ ನಿಂತೇ ನೋಡಬೇಕೆಂದು ನನ್ನ ಆಸೆ.

ಈ ನೆಲದಲ್ಲಿ ದತ್ತಿಯ ಪದ್ಧತಿ ಬಹಳ ಹಳೆಯದು. ಖಾನಾಪುರ ತಾಲ್ಲೂಕಿನ ಹಲಸಿ ಹಿಂದೆ ಪಲಾಶಿಕಾ ಎಂಬ ಪಟ್ಟಣವಾಗಿತ್ತು. ಬನವಾಸಿಯ ಕದಂಬರಿಗೆ ಅದು ಎರಡನೆಯ ರಾಜಧಾನಿಯಂತಿತ್ತು. ಆಮೇಲೆ ಗೋವಾ ಕದಂಬರ ಕಾಲದಲ್ಲಿ ಅಲ್ಲೇ ಭೂವರಾಹ ನರಸಿಂಹನ ಗುಡಿ ಎದ್ದಿತು. ಇವತ್ತು ಹಲಸಿಗೆ ಹೋಗುವವರು ಬಹುಪಾಲು ಆ ಗುಡಿಯನ್ನು ನೋಡಿ ಬರುತ್ತಾರೆ. ನಾನು ಹೇಳಹೊರಟದ್ದು ಅದಕ್ಕಿಂತ ಹಿಂದಿನ ಮಾತು. ಊರ ಹೊರಗೆ ಚಕ್ರತೀರ್ಥ ಎಂಬ ಸಣ್ಣ ಬಾವಿಯ ಹತ್ತಿರದ ದಿಬ್ಬದಲ್ಲಿ ಕದಂಬರ ತಾಮ್ರಪಟಗಳು ಸಿಕ್ಕವು. ಶಾಸನತಜ್ಞ ಜೆ.ಎಫ್. ಫ್ಲೀಟ್ 1870ರ ದಶಕದಲ್ಲಿ ಅವನ್ನು ಓದಿ ಅಚ್ಚು ಹಾಕಿಸಿದರು. ಕೈಯಲ್ಲಿ ಹಿಡಿದರೆ ಅಂಗೈಗಿಂತ ತುಸು ಉದ್ದ, ಅಗಲ ಕಡಿಮೆ. ತಾಳೆಗರಿಯ ಆಕಾರಕ್ಕೇ ಹೊಂದಿಸಿದ ತೆಳು ತಗಡುಗಳು. ತೂತು ಕೊರೆದು ಒಂದು ಬಳೆಯಲ್ಲಿ ಪೋಣಿಸಿದ್ದು. ಅಕ್ಷರ ಸವೆಯಬಾರದೆಂದು ಇಂಥ ಪಟಗಳಲ್ಲಿ ಹೊರಮೈಯನ್ನು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು; ಬರೆಹವೆಲ್ಲ ಒಳಮೈಗೆ.

ಅವುಗಳಲ್ಲಿ ಒಂದು ಕಾಕುತ್ಸ್ಥವರ್ಮನದು. ಅವನು ಇನ್ನೂ ಯುವರಾಜನಾಗಿದ್ದಾಗ ಬರೆಸಿದ್ದು. ಶ್ರುತಕೀರ್ತಿ ಎಂಬ ಸೇನಾಪತಿಗೆ ಒಂದು ಹೊಲ ಕೊಟ್ಟಿದ್ದಾನೆ. ಯಾಕೆ ಎಂದರೆ, ಆ ಸೇನಾಪತಿ ತನ್ನನ್ನು ಕಾಪಾಡಿದ ಎಂದು. ಸಿಂಹಾಸನ ಏರಬೇಕಾದವನೊಬ್ಬ ತನ್ನ ಜೀವ ಇನ್ನೊಬ್ಬನ ಕೈಯಲ್ಲಿತ್ತು ಎಂದು ತಾಮ್ರದ ಮೇಲೆ ಕೊರೆಸಿಟ್ಟ. ಮರೆತುಬಿಡಬಹುದಾಗಿದ್ದ ಸಾಲವನ್ನು ಮರೆಯದಂತೆ ಮಾಡಿಟ್ಟ.

ಇನ್ನೊಂದು ರವಿವರ್ಮನದು. ಐದನೆಯ ಶತಮಾನದ ಕೊನೆ, ಆರನೆಯದರ ಮೊದಲ ಭಾಗದಲ್ಲಿ ಆಳಿದವನು. ಆ ಪಟದಲ್ಲಿ ಎರಡು ಕಟ್ಟಳೆಗಳು ಸ್ಪಷ್ಟವಾಗಿವೆ. ಒಂದು ಹಳ್ಳಿಯ ಉತ್ಪನ್ನದಿಂದ ಪಲಾಶಿಕೆಯಲ್ಲಿ ಪ್ರತಿವರ್ಷ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಜಿನೇಂದ್ರನ ಉತ್ಸವ ನಡೆಯಬೇಕು. ಎರಡನೆಯದು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಒದಗಬೇಕು. ಚರಿತ್ರೆಯ ವಿದ್ಯಾರ್ಥಿಗಳು ಈ ಪಟಗಳನ್ನು ರಾಜರ ವಂಶಾವಳಿಗಾಗಿ ಓದುತ್ತಾರೆ. ಯಾರ ಮಗ ಯಾರು, ಯಾರನ್ನು ಗೆದ್ದವರು ಯಾರು ಎಂದು. ನನಗೆ ಆ ನಾಲ್ಕು ತಿಂಗಳ ಮಾತೇ ದೊಡ್ಡದಾಗಿ ಕಾಣುತ್ತದೆ.

ಜೈನ ಯತಿಗಳು ವರ್ಷದ ಎಂಟು ತಿಂಗಳು ಊರೂರು ನಡೆಯುವವರು, ಒಂದೇ ಕಡೆ ಬಹಳ ದಿನ ನಿಲ್ಲಬಾರದು ಎಂಬ ವ್ರತದವರು. ಮಳೆ ಶುರುವಾದರೆ ಮಾತ್ರ ನಿಲ್ಲುತ್ತಾರೆ. ಅದೇ ಚಾತುರ್ಮಾಸ. ನಡೆಯಲು ಕಷ್ಟ, ಹೊಳೆ ದಾಟಲಾಗದು ಎಂಬುದು ಕಾರಣವಲ್ಲ. ಮಳೆಗಾಲದಲ್ಲಿ ನೆಲದ ತುಂಬ ಜೀವ ಹುಟ್ಟಿರುತ್ತದೆ, ನಡೆದರೆ ಅದು ಕಾಲಿಗೆ ಸಿಕ್ಕಿ ಸಾಯುತ್ತದೆ, ಅದಕ್ಕೆ ನಿಲ್ಲಬೇಕು. ಖಾನಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿರಗದ ಮೊದಲ ಮಳೆ ಬಿದ್ದು ಮಣ್ಣಿನ ವಾಸನೆ ಎದ್ದ ಮರುದಿನವೇ ಹೊಲದ ಬದುವಿನ ಮೇಲೆ ಮಿರಗದ ಹುಳ ಹೊರಡುತ್ತದೆ. ಕೆಂಪು ಮಖಮಲ್ಲಿನ ಚೂರಿನಂತಿದ್ದು, ಮುಟ್ಟಿದರೆ ಕಾಲು ಮಡಚಿ ಗುಂಡಗಾಗುವ ಹುಳ. ಮಕ್ಕಳು ಅದನ್ನು ಬೆಂಕಿಪೊಟ್ಟಣದಲ್ಲಿ ಹಸಿ ಹುಲ್ಲು ಹಾಕಿ ಇಟ್ಟುಕೊಳ್ಳುತ್ತಾರೆ. ಅದರ ಹಿಂದೆ ಬಸವನಹುಳ, ಎರೆಹುಳ, ಏಡಿ, ಕಪ್ಪೆಮರಿ, ಹೆಸರಿಲ್ಲದ ಇನ್ನೆಷ್ಟೋ. ಈ ತಾಲ್ಲೂಕಿನ ಆಮಗಾಂವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಯಿತು. ನಿಂತ ನೀರಾಗಿ ಎಣಿಸಿದರೆ ಹತ್ತು ಮೀಟರು ಆಳ. ಅಂಥ ಮಳೆಯ ನೆಲದಲ್ಲಿ ಯತಿಯೊಬ್ಬ ತನ್ನ ಕಾಲಿನ ಭಾರವನ್ನು ನೆನೆದು ನಿಂತುಬಿಡುತ್ತಾನೆ. ನಿಂತವನಿಗೆ ಅನ್ನ ಸಿಗಲಿ ಎಂದು ರಾಜನೊಬ್ಬ ಹಳ್ಳಿಯ ಉತ್ಪನ್ನವನ್ನು ಬರೆದುಕೊಡುತ್ತಾನೆ.

ನನ್ನ ಮಾತಿನ ತಿರುಳು ಇಲ್ಲಿದೆ. ನಿಶ್ಚಲವಾಗಿ ಕೂರುವುದನ್ನು ನಾವು ಈಗ ಸ್ವಂತ ನೆಮ್ಮದಿಗೆ ಮಾಡುವ ಸಾಧನೆ ಎಂದುಕೊಂಡಿದ್ದೇವೆ. ರಕ್ತದೊತ್ತಡ ಇಳಿಯಲಿ, ನಿದ್ದೆ ಬರಲಿ, ಕೆಲಸದಲ್ಲಿ ಗಮನ ಹೆಚ್ಚಲಿ ಎಂದು ಕಣ್ಣು ಮುಚ್ಚಿ ಕೂರುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪಲಾಶಿಕೆಯ ಯತಿ ನಿಂತದ್ದು ಇನ್ನೊಂದಕ್ಕೆ ಜಾಗ ಬಿಡುವುದಕ್ಕೆ. ಈ ಲೋಕದಲ್ಲಿ ನನ್ನ ನಡಿಗೆಗಿಂತ ಮುಖ್ಯವಾದ ನಡಿಗೆಗಳಿವೆ, ಹುಳುವಿನದೂ ಅದರಲ್ಲೊಂದು ಎಂದು ತಿಳಿದವನ ನಿಲುವು ಅದು. ನೆಮ್ಮದಿ ಅದರ ಬೆನ್ನ ಹಿಂದೆ ತಾನಾಗಿ ಬಂದಿರಬೇಕು. ಅದನ್ನು ಹುಡುಕಿಕೊಂಡು ಅವನು ಹೋದವನಲ್ಲ.

ಅದೇ ಖಾನಾಪುರದ ಕಾಡಿನಲ್ಲಿ, ತಳೇವಾಡಿಯ ಹತ್ತಿರ, ಬಾರಾಪೇಡೆ ಗವಿಗಳಿವೆ. ಇವತ್ತು ಅದು ಭೀಮಗಡ ವನ್ಯಜೀವಿಧಾಮಕ್ಕೆ ಸೇರಿದ್ದು. 2011ರ ಡಿಸೆಂಬರಿನಲ್ಲಿ ಘೋಷಣೆಯಾದ ಈ ಧಾಮದ ವಿಸ್ತೀರ್ಣ 190 ಚದರ ಕಿಲೋಮೀಟರಿನಷ್ಟು. ಆ ಗವಿಯಲ್ಲಿ ಒಂದು ಬಾವಲಿ ಇದೆ. ದೊಡ್ಡ ಕಿವಿ, ಕಂದು ಮೈ, ಕತ್ತಿನ ಮೇಲೆ ಬೂದುಬಣ್ಣದ ಪಟ್ಟಿ. 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞ ಇದನ್ನು ಜಗತ್ತಿಗೆ ವಿವರಿಸಿ ಹೇಳಿದ. ಮುಂಬೈ ಪ್ರಾಂತದ ಅರಣ್ಯ ಇಲಾಖೆಯಲ್ಲಿದ್ದ ರಾಟನ್ ಎಂಬವರ ಹೆಸರನ್ನು ಅದಕ್ಕೆ ಇಟ್ಟ. ಆಮೇಲೆ ಬಹಳ ದಶಕಗಳವರೆಗೆ ಇಡೀ ಭೂಮಿಯ ಮೇಲೆ ಈ ಜೀವ ವಾಸ ಮಾಡುವ ಗೊತ್ತಾದ ಮನೆ ಎಂದರೆ ಈ ಬಾರಾಪೇಡೆ ಮಾತ್ರ. ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕದ್ದು ತೀರ ಈಚೆಗೆ.

ಒಂದು ಕುಲದ ಅಳಿವು ಉಳಿವು ಒಂದು ಗವಿಯ ಮೌನದ ಮೇಲೆ ನಿಂತಿತ್ತು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಮನುಷ್ಯರು ಪಂಜು ಹಿಡಿದು ಕೂಗಿಕೊಂಡು ಒಳಗೆ ನುಗ್ಗಿದ್ದರೆ, ಗವಿಯ ಬಾಯಿಗೆ ಹೊಗೆ ಹಾಕಿದ್ದರೆ, ನಾವು ತಿಳಿದಿದ್ದ ಮಟ್ಟಿಗೆ ಅದರ ಕಥೆ ಮುಗಿದೇಹೋಗುತ್ತಿತ್ತು. ಉಳಿದದ್ದು ಅಲ್ಲಿಗೆ ಹೋಗದವರಿಂದ. ಸುತ್ತಲಿನ ವಾಡಿಗಳ ಜನ ಆ ಗವಿಯನ್ನು ಅದರ ಪಾಡಿಗೆ ಬಿಟ್ಟದ್ದರಿಂದ. ಯಾವ ಸನ್ಮಾನಪತ್ರದಲ್ಲೂ ಬರದ ಕೆಲಸ ಇದು. ಒಂದು ಕಡೆ ಹೋಗದೆ ಇರುವುದನ್ನು ಸಾಧನೆ ಎಂದು ಎಣಿಸುವ ಲೆಕ್ಕ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ, ಹುಟ್ಟಬೇಕು.

ಖಾನಾಪುರದಿಂದ ಬೆಳಗಾವಿಗೆ ಬರೋಣ. 1924ರ ಡಿಸೆಂಬರಿನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದೇ ಎಂಬುದು, ಅದಕ್ಕಾಗಿ ಗಂಗಾಧರರಾವ್ ದೇಶಪಾಂಡೆಯವರ ಓಡಾಟ, ಅದಕ್ಕೆಂದು ತೋಡಿದ ಟಿಳಕವಾಡಿಯ ಬಾವಿ, ಇದೆಲ್ಲ ಇಲ್ಲಿಯ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅಧಿವೇಶನದ ನೂರು ವರ್ಷವನ್ನೂ ನಾವು ಆಚರಿಸಿದೆವು. ಆ ಸಂಭ್ರಮದಲ್ಲಿ ಒಂದು ಸಂಗತಿ ಹಿಂದೆ ಸರಿದುಬಿಟ್ಟಿತು. ಗಾಂಧೀಜಿ ಬೆಳಗಾವಿಗೆ ಬಂದದ್ದು ಗೆದ್ದ ನಾಯಕನಾಗಿ ಅಲ್ಲ. ಆ ವರ್ಷ ಫೆಬ್ರುವರಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ, ಜೈಲಿನಿಂದ ಬಿಡುಗಡೆಯಾಗಿದ್ದರು. ಜೂನ್ ತಿಂಗಳ ಅಹಮದಾಬಾದ್ ಸಭೆಯಲ್ಲಿ ತಮ್ಮವರೇ ತಮ್ಮ ಮಾತಿಗೆ ಪೂರ್ತಿ ಜೊತೆ ನಿಲ್ಲಲಿಲ್ಲ ಎಂದು ಕಂಡರು. ಆಮೇಲೆ ತಮ್ಮ ಪತ್ರಿಕೆಯಲ್ಲಿ, ತಾನು ಸೋತಿದ್ದೇನೆ, ತಗ್ಗಿದ್ದೇನೆ ಎಂಬ ತಲೆಬರಹವನ್ನೇ ಕೊಟ್ಟು ಬರೆದರು. ಸೆಪ್ಟೆಂಬರಿನಲ್ಲಿ ಹಿಂದೂ ಮುಸ್ಲಿಮರ ಹೊಡೆದಾಟ ಕಂಡು ದಿಲ್ಲಿಯಲ್ಲಿ 21 ದಿನ ಉಪವಾಸ ಮಾಡಿದರು. ಆ ಸೊರಗಿದ ಮೈಯಲ್ಲೇ ಡಿಸೆಂಬರಿಗೆ ಇಲ್ಲಿ ಬಂದರು.

ಬಂದು ಮಾಡಿದ್ದೇನು? ಶಾಸನಸಭೆಗಳಿಗೆ ಹೋಗಬೇಕೆನ್ನುತ್ತಿದ್ದ ಸ್ವರಾಜ್ಯ ಪಕ್ಷದವರಿಗೆ ದಾರಿ ಬಿಟ್ಟುಕೊಟ್ಟರು. ಚಿತ್ತರಂಜನ ದಾಸರ, ಮೋತಿಲಾಲ ನೆಹರೂ ಅವರ ದಾರಿ ಅದು. ತಮ್ಮ ಮನಸ್ಸಿಗೆ ಒಪ್ಪದ ದಾರಿ. ತಾನೇ ಎಬ್ಬಿಸಿದ ಅಸಹಕಾರ ಚಳವಳಿಯನ್ನು ತಾನೇ ಅಧ್ಯಕ್ಷನಾಗಿ ಕೂತ ಸಭೆಯಲ್ಲಿ ತಡೆಹಿಡಿದರು. ಅದರ ಬದಲು ಕೇಳಿದ್ದು ತಿಂಗಳಿಗೆ 2,000 ಗಜ ನೂಲು. ಪ್ರತಿ ಸದಸ್ಯ ಕಾಂಗ್ರೆಸ್ಸಿಗೆ ಹಣದ ಬದಲು ನೂಲು ಕೊಡಬೇಕೆಂದು. ಸಾಮ್ರಾಜ್ಯದ ಎದುರು ನೂಲಿನ ಲಡಿ ಎಷ್ಟರದು ಎಂದು ಆಗಲೂ ಕೇಳಿದವರಿದ್ದರು. ಮುಂದಿನ ವರ್ಷ ಪಟ್ನಾದಲ್ಲಿ ಆ ಕಡ್ಡಾಯವೂ ಸಡಿಲವಾಯಿತು. ಗಾಂಧೀಜಿ ಅದನ್ನೂ ಒಪ್ಪಿದರು.

1924ರ ಬೆಳಗಾವಿಯನ್ನು ದೊಡ್ಡ ವಿಜಯವೆಂದು ಹಾಡುವುದಕ್ಕಿಂತ, ಒಬ್ಬ ದೊಡ್ಡ ಮನುಷ್ಯ ತನ್ನ ಬಲದ ಅಳತೆಯನ್ನು ಬಿಚ್ಚಿ ತೋರಿಸಿದ ಜಾಗವೆಂದು ನೆನೆಯುವುದು ನಮಗೆ ಹೆಚ್ಚು ಗೌರವದ ಮಾತು. ಅಳತೆಯನ್ನು ತಾನೇ ಬಿಚ್ಚಿ ತೋರಿಸಿದವನನ್ನು ಯಾರೂ ಬಯಲಿಗೆಳೆಯಲಾರರು. ಹಾಗೆಂದೇ ಆರು ವರ್ಷಗಳ ನಂತರ ದಂಡಿಯ ಕಡಲತಡಿಯಲ್ಲಿ ಒಂದು ಹಿಡಿ ಉಪ್ಪು ಎತ್ತಲು ಅವರಿಗೆ ಸಂಕೋಚವಾಗಲಿಲ್ಲ.

ಅದೇ 1924ರ ಏಪ್ರಿಲ್ 8ರಂದು, ಇಲ್ಲಿಂದ ಕೂಗಳತೆಯ ಸುಳೇಭಾವಿಯಲ್ಲಿ ಒಂದು ಕೂಸು ಹುಟ್ಟಿತು. ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ. ಎಳೆಯ ವಯಸ್ಸಿನಲ್ಲೇ ಗ್ರಾಮೊಫೋನ್ ತಟ್ಟೆಯಲ್ಲಿ ಕೇಳಿದ ದೊಡ್ಡ ಗವಾಯಿಗಳ ಹಾಡನ್ನು ಹಾಗೆಹಾಗೇ ಹಾಡಿ ತೋರಿಸುತ್ತಿದ್ದ ಹುಡುಗ. ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಎಂದು ಕರೆದರು, ಆ ಬಿರುದೇ ಹೆಸರಾಯಿತು. ಮುಂಬೈಯಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿತರು. ಇಪ್ಪತ್ತರ ಹರೆಯಕ್ಕೆ ದೇಶವೆಲ್ಲ ಹೆಸರು. 1947ರಲ್ಲಿ ಭಾನುಮತಿಯವರೊಂದಿಗೆ ಮದುವೆ. ಅದರ ಬೆನ್ನಿಗೇ ಕ್ಷಯ.

ಆ ಕಾಲದ ಕ್ಷಯ ಎಂದರೆ ಏನೆಂದು ಇಲ್ಲಿಯ ಹಿರಿಯರಿಗೆ ಗೊತ್ತು. ಒಣ ಹವೆ ಬೇಕೆಂದು 1948ರ ಜನವರಿ ಕೊನೆಗೆ ಮಾಳವದ ದೇವಾಸಕ್ಕೆ ಹೋದರು. ವೈದ್ಯರು ಹಾಡಬಾರದು ಎಂದರು. ಹಾಡಿನ ಮಾತು ಹಾಗಿರಲಿ, ಗಟ್ಟಿಯಾಗಿ ಮಾತಾಡುವುದೂ ಭಾರ. ಐದಾರು ವರ್ಷ ಹಾಸಿಗೆ. ಮನೆ, ಔಷಧ, ಆರೈಕೆ ಎಲ್ಲವನ್ನೂ ಭಾನುಮತಿ ಹೊತ್ತರು. ತಾವೂ ಕಲಿತ ಹಾಡುಗಾರ್ತಿಯೇ ಆಗಿದ್ದವರು. ಕುಮಾರರ ಕಥೆ ಹೇಳುವಾಗ ಈ ಹೆಣ್ಣುಮಗಳ ತ್ಯಾಗವನ್ನು ಒಂದು ಸಾಲಿನಲ್ಲಿ ದಾಟಿಹೋಗುವ ರೂಢಿ ನನಗೆ ನೋವು ತರುತ್ತದೆ. ಕುಮಾರರ ಮೌನದ ಒಳಗೆ ಇನ್ನೊಂದು ಮೌನವಿತ್ತು, ಅದಕ್ಕೆ ಬಿರುದು ಸಿಗಲಿಲ್ಲ.

ಹಾಡುವವನ ಬಾಯಿ ಮುಚ್ಚಿದಾಗ ಕಿವಿ ತೆರೆಯಿತು. ದೇವಾಸದ ಓಣಿಯಲ್ಲಿ ಹೆಣ್ಣುಮಕ್ಕಳು ಮದುವೆಗೆ, ಹಬ್ಬಕ್ಕೆ, ಕೂಸಿನ ತೊಟ್ಟಿಲಿಗೆ ಹಾಡುತ್ತಿದ್ದರು. ಕಿಂದರಿ ಹಿಡಿದ ನಾಥಪಂಥದ ಜೋಗಿಗಳು ನಿರ್ಗುಣ ಭಜನೆ ಹಾಡಿಕೊಂಡು ಬೀದಿಯಲ್ಲಿ ಹೋಗುತ್ತಿದ್ದರು. ಮೂರು ಸ್ವರ, ನಾಲ್ಕು ಸ್ವರದ ಹಾಡುಗಳು. ಮುಂಬೈಯ ಸಭೆಗಳಲ್ಲಿ ಮೆರೆದ ಗವಾಯಿಗೆ ಬೇರೆ ದಿನಗಳಲ್ಲಾದರೆ ಅವು ಕಿವಿಗೆ ಬೀಳುತ್ತಲೂ ಇರಲಿಲ್ಲ. ಮಲಗಿದಲ್ಲೇ ಅವನ್ನು ಕೇಳಿದರು, ಗುರುತು ಹಾಕಿಕೊಂಡರು. ರಾಗಗಳು ಎಲ್ಲಿಂದ ಹುಟ್ಟುತ್ತವೆ ಎಂಬುದಕ್ಕೆ ಉತ್ತರ ಅಲ್ಲಿ ಕಂಡರು. ಶಾಸ್ತ್ರೀಯ ಸಂಗೀತದ ದೊಡ್ಡ ಮನೆಯ ಅಡಿಪಾಯ ಈ ಹೆಸರಿಲ್ಲದ ಹೆಣ್ಣುಮಕ್ಕಳ ಗಂಟಲಲ್ಲಿದೆ ಎಂದು ತಿಳಿದರು. ಮುಂದೆ ಆ ಧುನ್‌ಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. 1965ರಲ್ಲಿ ತಮ್ಮ ಬಂದಿಶ್‌ಗಳನ್ನು ಅನೂಪರಾಗವಿಲಾಸ ಎಂಬ ಹೆಸರಲ್ಲಿ ಹೊರತಂದರು. ಮಳೆಗಾಲದ ಹಾಡುಗಳನ್ನೇ ಪೋಣಿಸಿ ಗೀತವರ್ಷಾ ಎಂಬ ಕಾರ್ಯಕ್ರಮ ಮಾಡಿದರು. ಬೀದಿಯ ಆ ನಿರ್ಗುಣ ಭಜನೆಗಳನ್ನು ಕಚೇರಿಯ ವೇದಿಕೆಗೆ ತಂದರು. ಗಾಂಧೀಜಿಯ ಜನ್ಮಶತಾಬ್ದಿಗೆ ಗಾಂಧಿ ಮಲ್ಹಾರ ಎಂಬ ರಾಗ ಕಟ್ಟಿದರು.

ಸ್ಟ್ರೆಪ್ಟೊಮೈಸಿನ್ ಔಷಧ ಬಂದದ್ದರಿಂದ ಜೀವ ಉಳಿಯಿತು, 1953ರ ಹೊತ್ತಿಗೆ ಮತ್ತೆ ವೇದಿಕೆ ಏರಿದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಇಲ್ಲಿ ನೀವು ಅವರ ಹಾಡನ್ನು ಹತ್ತಿರ ಕೂತು ಕೇಳಬೇಕು. ಗದುಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರ ತಾನ್ ಒಂದೇ ಉಸಿರಿನಲ್ಲಿ ಮೂರು ಸಪ್ತಕ ಸುತ್ತಿ ಬರುವಂಥದ್ದು. ಕುಮಾರರಿಗೆ ಆ ಉಸಿರು ಇರಲಿಲ್ಲ. ಅವರ ಸ್ವರ ಬಾಣದ ಹಾಗೆ ಹೊರಡುತ್ತದೆ, ತಟ್ಟನೆ ನಿಲ್ಲುತ್ತದೆ. ನಿಂತ ಕಡೆ ತಂಬೂರಿ ಮಾತ್ರ ನುಡಿಯುತ್ತಿರುತ್ತದೆ. ಕೇಳುವವರ ಉಸಿರೂ ನಿಲ್ಲುತ್ತದೆ. ಆಮೇಲೆ ನಾವು ಎಣಿಸಿರದ ಎಡೆಯಿಂದ ಇನ್ನೊಂದು ತುಣುಕು. ತಂಬೂರಿಯ ಶ್ರುತಿ ಕೂಡಿಸುವುದರಲ್ಲಿ ಅವರ ಹಠ ಹೆಸರಾದದ್ದು, ಅದಕ್ಕೂ ಇದೇ ಕಾರಣ ಎಂದು ನನ್ನ ಎಣಿಕೆ. ತನ್ನ ಹಾಡು ನಿಲ್ಲುವ ಜಾಗದಲ್ಲಿ ಕೇಳಿಸುವುದು ಅದೊಂದೇ, ಅದು ಸರಿಯಾಗಿರಲೇಬೇಕು. ಕಳೆದುಹೋದ ಉಸಿರನ್ನು ಬಚ್ಚಿಡಲು ಅವರು ಹೋಗಲಿಲ್ಲ. ಉಳಿದ ಉಸಿರಿನ ಉದ್ದಕ್ಕೆ ಸಂಗೀತವನ್ನು ಕತ್ತರಿಸಿ ಹೊಲಿದರು. ಆ ನಿಲುಗಡೆಗಳೇ ಮುಂದೆ ಅವರ ಗಾಯನಶೈಲಿ ಎನಿಸಿಕೊಂಡವು. ಎರಡು ಶ್ವಾಸಕೋಶ ಗಟ್ಟಿ ಇರುವ ಹುಡುಗರು ಇವತ್ತು ಅದನ್ನು ಅಭ್ಯಾಸ ಮಾಡುತ್ತಾರೆ. ನಮ್ಮ ಗಂಗೂಬಾಯಿ ಹಾನಗಲ್ಲರದೂ ಇದೇ ದಾರಿಯ ಕಥೆ. ಗಂಟಲಿನ ಶಸ್ತ್ರಚಿಕಿತ್ಸೆಯ ಮೇಲೆ ಹೆಣ್ಣುದನಿ ಹೋಗಿ ಗಂಡುದನಿಯಂಥ ಗಡಸು ಬಂತು. ಬಂದ ದನಿಯಲ್ಲೇ ಹಾಡಿದರು, ಅದು ಕಿರಾಣಾ ಘರಾಣೆಯ ಗಾಂಭೀರ್ಯಕ್ಕೆ ಇನ್ನೊಂದು ಹೆಸರಾಯಿತು.

ಇಷ್ಟು ಹೊತ್ತು ನಾನು ಹೇಳಿದ್ದಕ್ಕೆ ಒಂದು ದೊಡ್ಡ ಆಕ್ಷೇಪವಿದೆ. ಅದನ್ನು ದಾಟಿಹೋದರೆ ಈ ಉಪನ್ಯಾಸ ಅಪ್ರಾಮಾಣಿಕವಾಗುತ್ತದೆ. ಕಿರಿಯರಾಗಿರಿ ಎಂದು ಈ ನಾಡಿನಲ್ಲಿ ಯಾರಿಗೆ ಹೇಳಿಕೊಂಡು ಬಂದಿದ್ದೇವೆ? ಊರ ಹೊರಗಿನ ಕೇರಿಗೆ ಹೇಳಿದ್ದೇವೆ. ಒಲೆಯ ಮುಂದಿನ ಹೆಂಗಸಿಗೆ ಹೇಳಿದ್ದೇವೆ. ಕೂಲಿ ಕೇಳಲು ಬಂದು ಅಂಗಳದಲ್ಲೇ ನಿಂತವನಿಗೆ ಹೇಳಿದ್ದೇವೆ. ಅವರಿಗೆ ಸಣ್ಣತನವನ್ನು ಹುಟ್ಟಿನೊಂದಿಗೇ ಹೊರಿಸಿದ್ದೇವೆ. ಹೊರಿಸಿದ ಹೊರೆಯನ್ನು ವಿನಯ ಎಂದು ಹೊಗಳುವುದು ದೊಡ್ಡ ಅನ್ಯಾಯ. ಬೆಳಗಾವಿಯ ಬಾಡಿಗೆ ಕೋಣೆಗಳಲ್ಲಿ ನಾಲ್ಕು ಜನ ಕೂಡಿ ಇದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿದ್ದಾರೆ. ನಸುಕಿನಲ್ಲಿ ಸೇನಾ ಭರ್ತಿಗೆಂದು ಓಡುವ ರೈತರ ಮಕ್ಕಳಿದ್ದಾರೆ. ಮೊಬೈಲು ತೆರೆದರೆ ಸಾಕು, ಅವರಿಗಿಂತ ದೊಡ್ಡವರಾದವರ ಮೆರವಣಿಗೆ. ನೀನು ಸಾಲುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುವ ಆ ಮಕ್ಕಳ ಎದುರು ನಿಂತು ಕಿರಿತನದ ಮಹಿಮೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅವರು ಅನುಭವಿಸುತ್ತಿರುವುದು ಕೀಳರಿಮೆ. ಅದು ಕದಲುತ್ತಲೇ ಇರುತ್ತದೆ, ಪಕ್ಕದವನ ಕಡೆ ಕಣ್ಣು ಹೊರಳಿಸುತ್ತಲೇ ಇರುತ್ತದೆ. ನಾನು ಹೇಳುತ್ತಿರುವ ಕಿರಿತನಕ್ಕೆ ಪಕ್ಕದವನೊಂದಿಗೆ ಲೆಕ್ಕವಿಲ್ಲ. ಕುಮಾರ ಗಂಧರ್ವರು ಭೀಮಸೇನರ ಉಸಿರಿನೊಂದಿಗೆ ತಮ್ಮ ಉಸಿರನ್ನು ತೂಗಿ ನೋಡುತ್ತ ಕೂತಿದ್ದರೆ ದೇವಾಸದ ಹಾಸಿಗೆಯಿಂದ ಏಳುತ್ತಿರಲಿಲ್ಲ.

ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದು ತಿಳಿಯಬೇಕಾದರೆ ಮತ್ತೆ ಖಾನಾಪುರ ತಾಲ್ಲೂಕಿಗೆ, ಕಕ್ಕೇರಿಗೆ ಹೋಗಬೇಕು. ಅಲ್ಲಿ ಡೋಹರ ಕಕ್ಕಯ್ಯನವರ ಸಮಾಧಿ ಇದೆ. ಮಾಳವದಿಂದ ಕಲ್ಯಾಣಕ್ಕೆ ಬಂದ ಶರಣ ಎಂದು ಪರಂ‍ಪರೆ ಹೇಳುತ್ತದೆ. ತೊಗಲು ಹದ ಮಾಡುವ ಕಾಯಕ. ಸುಣ್ಣದ ನೀರಿನ ಗುಂಡಿಯಲ್ಲಿ ಹಸಿ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ತೊಗಟೆಯ ರಸದಲ್ಲಿ ದಿನಗಟ್ಟಲೆ ಅದ್ದಿ ತೆಗೆಯುವ ಕೆಲಸ. ಆ ವಾಸನೆ ಕೈಯನ್ನು ಬಿಡುವುದಿಲ್ಲ. ಆ ವಾಸನೆಯನ್ನೇ ನೆಪ ಮಾಡಿ ಊರು ಅವರನ್ನು ಹೊರಗಿಟ್ಟಿತ್ತು. ಬಿಜ್ಜಳನ ಭಂಡಾರಿಯಾಗಿದ್ದ, ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಬಸವಣ್ಣ ಈ ಕಕ್ಕಯ್ಯನನ್ನೂ ಮಾದಾರ ಚೆನ್ನಯ್ಯನನ್ನೂ ತನ್ನ ಬಂಧುಗಳೆಂದು ವಚನಗಳಲ್ಲಿ ಕರೆದುಕೊಂಡ. ಅವರ ಮನೆಯವನು ತಾನು ಎಂದ. ಎಲ್ಲರಿಗಿಂತ ಕಿರಿಯ ತಾನೆಂದ.

ಈ ಮಾತನ್ನು ಹೇಳಿದವರು ಯಾರು ಎಂಬುದನ್ನು ಗಮನಿಸಿ. ಕಕ್ಕಯ್ಯನಿಗೆ ಚಿಕ್ಕವನಾಗು ಎಂದು ಕಲ್ಯಾಣ ಹೇಳಲಿಲ್ಲ. ಗದ್ದುಗೆ ಇದ್ದವನು ಇಳಿದ. ಅಧಿಕಾರ, ಕುಲ, ವಿದ್ಯೆ ಮೂರೂ ಇದ್ದವನು ಸರಿದು ಕೂತ. ಸರಿದಾಗ ತೆರವಾದ ಜಾಗದಲ್ಲಿ ಕಕ್ಕಯ್ಯ ತಲೆಯೆತ್ತಿ ಕೂತು ಅಭಿನವ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನ ಬರೆದ. ದೊರೆತಿರುವವು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಗಾಗಿ ಕಲ್ಯಾಣ ತೆತ್ತ ಬೆಲೆ ಎಂಥದೆಂದು ನಿಮಗೆ ಗೊತ್ತಿದೆ. ಕಲ್ಯಾಣ ಕ್ರಾಂತಿಯ ನಂತರ ಶರಣರು ಉಳವಿಯ ಕಡೆ ಹೊರಟಾಗ ಬೆನ್ನಟ್ಟಿದ ಸೈನ್ಯವನ್ನು ತಡೆಯುತ್ತ ಬಂದವರಲ್ಲಿ ಕಕ್ಕಯ್ಯನೂ ಒಬ್ಬ, ಕಕ್ಕೇರಿಯಲ್ಲಿ ಅವನ ಪಯಣ ಮುಗಿಯಿತು ಎಂದು ಜನ ನಂಬುತ್ತಾರೆ. ಇವತ್ತು ಕರ್ನಾಟಕ ಮಹಾರಾಷ್ಟ್ರ ಎರಡೂ ಕಡೆಯ ಡೋಹರ ಸಮಾಜದವರಿಗೆ ಅದು ಪುಣ್ಯಸ್ಥಳ. ಮಾಳವದಿಂದ ಒಬ್ಬ ಇಲ್ಲಿಗೆ ಬಂದು ಮಣ್ಣಾದ, ಇಲ್ಲಿಂದ ಒಬ್ಬ ಮಾಳವಕ್ಕೆ ಹೋಗಿ ಮರುಹುಟ್ಟು ಪಡೆದ. ಇದನ್ನು ನೆನೆದಾಗಲೆಲ್ಲ ನಮ್ಮ ಗಡಿಗಳು ಎಷ್ಟು ಈಚಿನವು ಅನಿಸುತ್ತದೆ.

ಗಡಿಯ ಮಾತು ಬಂತು. ಬೆಳಗಾವಿಯಲ್ಲಿ ನಿಂತು ಅದನ್ನು ಆಡದೆ ಇರಲಾಗದು. ಕನ್ನಡದ ಹಕ್ಕಿನ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಈ ನೆಲದಲ್ಲಿ ಕನ್ನಡಕ್ಕೆ ಸಲ್ಲಬೇಕಾದದ್ದು ಸಲ್ಲಲೇಬೇಕು. ಆದರೆ ಒಂದೂವರೆ ಸಾವಿರ ವರ್ಷದ ತಾಮ್ರಪಟ ಕೈಯಲ್ಲಿರುವ ನಾಡು ಪಕ್ಕದ ಮನೆಯ ನುಡಿ ಕೇಳಿ ಬೆದರಬೇಕಾಗಿಲ್ಲ. ಖಾನಾಪುರದ ಸಂತೆಯಲ್ಲಿ ಬೆಲ್ಲ ತೂಗುವವನು ಒಂದೇ ಉಸಿರಿನಲ್ಲಿ ಕನ್ನಡ, ಮರಾಠಿ, ಕೊಂಕಣಿ ಆಡುತ್ತಾನೆ. ಮನೆಮಾತು ಕನ್ನಡವಾಗಿದ್ದ ಕುಮಾರ ಗಂಧರ್ವರು ಮರಾಠಿ ಗೀತೆ ಹಾಡಿದರು, ಮಾಳವಿ ಹಾಡಿದರು, ಕಬೀರನನ್ನು ಹಾಡಿದರು. ಅವರ ಹೆಸರಿನ ರಂಗಮಂದಿರ ಈ ಊರಲ್ಲಿದೆ, ಎರಡೂ ಭಾಷೆಯವರು ಅಲ್ಲಿ ಕೂತು ಕೇಳುತ್ತಾರೆ. ದೊಡ್ಡವರಾದ ನಾವು ಮೊದಲು ಸರಿದು ಕೂರುವುದು ಬಸವಣ್ಣನ ನಾಡಿನವರಿಗೆ ಹೊಸತೇನಲ್ಲ.

ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಕಾಲು ಗಂಟೆ ಉಳಿದಿದೆ. ಅಧ್ಯಕ್ಷರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ, ಅದನ್ನು ನಾನು ತೆಗೆದುಕೊಳ್ಳುವುದಿಲ್ಲ. ಸುಳೇಭಾವಿಯಿಂದ ಬಂದ ತಾಯಂದಿರು ಮೂರನೆಯ ಸಾಲಿನಲ್ಲಿದ್ದಾರೆ. ಕುಟ್ಟುವ ಬೀಸುವ ಹಾಡು ಅವರಿಗೆ ಇನ್ನೂ ಬರುತ್ತದೆ ಎಂದು ಸಭೆಗೆ ಮೊದಲು ಹೇಳಿದರು. ಮೈಕು ಅವರ ಕಡೆ ಕೊಡಿ. ಫ್ಯಾನು ಸ್ವಲ್ಪ ನಿಲ್ಲಿಸಿ, ದನಿ ಸಣ್ಣದಿದೆ.